ಡೌಲೆಂಡನ ಗೀತೆಗಳೂ ಒಬ್ಬ ರಾಕ್ ಗಾಯಕನ ಕಂಠವೂ

ಇಂಗ್ಲೆಂಡಿನ ಎಲಿಜಬೆತ್ ಯುಗದ ಭಾವಗೀತೆಗಳನ್ನು ನಮ್ಮ ಕಾಲೇಜುಗಳಲ್ಲಿ ಅಭ್ಯಾಸ ಮಾಡುವವರು ಅವುಗಳನ್ನು ಸಾಮಾನ್ಯವಾಗಿ ಓದುವ ಕವಿತೆಗಳೆಂದೇ ಪರಿಗಣಿಸುತ್ತಾರೆ. ಆದರೆ ಆ ಗೀತೆಗಳಲ್ಲಿ ಅನೇಕವು ಮೊದಲು ಬೆಳಕು ಕಂಡದ್ದು ಸ್ವರಲಿಪಿಯ ಪುಸ್ತಕಗಳಲ್ಲಿ, ಹಾಡುವವರ ಉಪಯೋಗಕ್ಕಾಗಿ. ಅವುಗಳನ್ನು ಹಾಡತಕ್ಕ ಅಧಿಕಾರ ಯಾರಿಗುಂಟು ಎಂಬ ಪ್ರಶ್ನೆ ೨೦೦೬ನೆಯ ಇಸವಿಯ ಅಕ್ಟೋಬರಿನಲ್ಲಿ ಸ್ವಲ್ಪ ಗದ್ದಲದೊಡನೆಯೇ ಎದ್ದಿತು. ಆ ತಿಂಗಳು ಡಾಯ್ಚ ಗ್ರಾಮೋಫೋನ್ ಎಂಬ ಹಳೆಯ ಜರ್ಮನ್ ಸಂಸ್ಥೆ 'ಸಾಂಗ್ಸ್ ಫ್ರಂ ದಿ ಲ್ಯಾಬಿರಿಂತ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರಲ್ಲಿದ್ದುದು ಬಹುಮಟ್ಟಿಗೆ ಜಾನ್ ಡೌಲೆಂಡನ (೧೫೬೩-೧೬೨೬) ಗೀತೆಗಳು. ಹಾಡಿದವನು ರಾಕ್ ಸಂಗೀತದ ಪ್ರಸಿದ್ಧ ಗಾಯಕ ಸ್ಟಿಂಗ್. ಶಾಸ್ತ್ರೀಯ ಸಂಗೀತದ ವಲಯದಲ್ಲಿ ಹಲವರು ಇದನ್ನು ಅನಧಿಕಾರ ಪ್ರವೇಶವೆಂದು ಭಾವಿಸಿದರು. ಈ ಆಕ್ಷೇಪ ಇತಿಹಾಸದ ದೃಷ್ಟಿಯಿಂದ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ನಮ್ಮ ಉದ್ದೇಶ.

ಗಾಯಕನ ಪರಿಚಯಕ್ಕೆ ಹೆಚ್ಚು ಮಾತು ಬೇಡ. ಗಾರ್ಡನ್ ಸಮ್ನರ್ ಎಂಬುದು ಅವನ ನಿಜನಾಮ. ೧೯೫೧ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ವಾಲ್ಸೆಂಡ್ ಎಂಬ, ಹಡಗು ಕಟ್ಟುವ ಊರಿನಲ್ಲಿ ಹುಟ್ಟಿ, ಕೆಲಕಾಲ ಶಾಲಾ ಉಪಾಧ್ಯಾಯನಾಗಿದ್ದು, ೧೯೭೭ರಲ್ಲಿ 'ದಿ ಪೊಲೀಸ್' ಎಂಬ ವಾದ್ಯತಂಡವನ್ನು ಸೇರಿ ಲೋಕವಿಖ್ಯಾತನಾದವನು. ಅವನ ತಂಡದ ಗಿಟಾರ್ ವಾದಕ ಡೊಮಿನಿಕ್ ಮಿಲ್ಲರ್ ಅವನಿಗೆ ಒಂದು ಲ್ಯೂಟ್ ವಾದ್ಯವನ್ನು ಕಾಣಿಕೆಯಾಗಿ ಕೊಡಿಸಿದನು. ಬೋಸ್ನಿಯಾದ ಲ್ಯೂಟ್ ವಿದ್ವಾಂಸ ಎಡಿನ್ ಕರಮಾಜೋವನ ಪರಿಚಯವನ್ನೂ ಮಾಡಿಸಿದನು. ವಾದ್ಯದ ಮುಖದ ಮೇಲಿನ ಕೆತ್ತನೆಯಲ್ಲಿ ಚಕ್ರವ್ಯೂಹದ ಆಕೃತಿಯಿತ್ತು. ಧ್ವನಿಮುದ್ರಿಕೆಯ ಹೆಸರಿಗೆ ಅದೇ ಮೂಲ.

ಲ್ಯೂಟ್ ಎಂಬುದು ಅರಬರ 'ಊದ್' ವಾದ್ಯದಿಂದ ಹುಟ್ಟಿದ, ಅರ್ಧ ಸೀಳಿದ ಪೇರುಹಣ್ಣಿನ ಆಕಾರದ ತಂತಿವಾದ್ಯ. ಅದರ ತಂತಿಗಳು ಪ್ರಾಣಿಗಳ ಕರುಳಿನವು. ಬಹುತೇಕ ಜೋಡಿಜೋಡಿಯಾಗಿ ಕಟ್ಟಿದವು. ಬೆರಳ ತುದಿಯಿಂದ ಮೀಟತಕ್ಕವು. ಆದಕಾರಣ ಅದರ ನಾದ ಅತಿ ಮೃದು. ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಅದು ಮುಟ್ಟುವುದೇ ಕಷ್ಟ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರ್ಚೆಯ ಅರ್ಧ ತಾನಾಗಿಯೇ ತಿಳಿಯಾಗುತ್ತದೆ.

ಈಗ ಮೂಲ ಪುಸ್ತಕವನ್ನೇ ತೆರೆದು ನೋಡೋಣ. ಡೌಲೆಂಡನ ಮೊದಲ ಗೀತಪುಸ್ತಕವನ್ನು ಲಂಡನ್ನಿನಲ್ಲಿ ಪೀಟರ್ ಷಾರ್ಟ್ ಎಂಬ ಮುದ್ರಕನು ೧೫೯೭ರಲ್ಲಿ ಅಚ್ಚು ಮಾಡಿದನು. ಅದರಲ್ಲಿ ೨೧ ಗೀತೆಗಳಿವೆ. ಕೊನೆಯಲ್ಲಿ ಒಂದೇ ಲ್ಯೂಟನ್ನು ಇಬ್ಬರು ನುಡಿಸುವ ವಿನೋದದ ರಚನೆಯೊಂದಿದೆ. ಪುಟಗಳ ಜೋಡಣೆ ಬಹು ವಿಶೇಷವಾದದ್ದು. ತೆರೆದ ಪುಸ್ತಕದ ಎಡಪುಟದಲ್ಲಿ ಮೇಲು ಧ್ವನಿಯ ಸ್ವರಗಳು. ಅವುಗಳ ಕೆಳಗೆ ಲ್ಯೂಟ್ ವಾದಕನಿಗಾಗಿ ಆರು ಗೆರೆಗಳ ಮೇಲೆ ಅಕ್ಷರಗಳಿಂದ ಬರೆದ ಬೆರಳುಲಿಪಿ. ಬಲಪುಟದಲ್ಲಿ ಉಳಿದ ಮೂರು ಧ್ವನಿಗಳು ಮೂರು ದಿಕ್ಕಿಗೆ ಮುಖಮಾಡಿ ಅಚ್ಚಾಗಿವೆ. ಪುಸ್ತಕವನ್ನು ಮೇಜಿನ ನಡುವೆ ಇಟ್ಟು, ಸುತ್ತಲೂ ನಾಲ್ವರು ಕುಳಿತರೆ, ಪ್ರತಿಯೊಬ್ಬನಿಗೂ ಅವನವನ ಪಾಲು ನೆಟ್ಟಗೆ ಕಾಣಬೇಕೆಂಬುದು ಮುದ್ರಕನ ಉಪಾಯ. ನಾಲ್ವರು ಇಲ್ಲದಿದ್ದರೆ ಒಬ್ಬನೇ ಲ್ಯೂಟಿನೊಡನೆ ಹಾಡಬಹುದು. ಲ್ಯೂಟ್ ಇಲ್ಲದಿದ್ದರೆ ಬೇರೆ ವಾದ್ಯವೂ ಆದೀತು. ಮುಖಪುಟವೇ ಇಂಥ ಸ್ವಾತಂತ್ರ್ಯವನ್ನು ಸಾರುತ್ತದೆ. ಈ ಪುಸ್ತಕ ೧೬೦೦, ೧೬೦೩, ೧೬೦೬ ಮತ್ತು ೧೬೧೩ರಲ್ಲಿ ಮರುಮುದ್ರಣಗೊಂಡಿತು. ಎರಡನೆಯ ಪುಸ್ತಕವನ್ನು ೧೬೦೦ರಲ್ಲಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರೆಂದು ಪ್ರಕಾಶಕನಿಗೂ ಮುದ್ರಕನಿಗೂ ನಡೆದ ವ್ಯಾಜ್ಯದ ಕಾಗದಗಳಿಂದ ತಿಳಿದುಬರುತ್ತದೆ. (ಇತಿಹಾಸಕಾರನಿಗೆ ಜಗಳಗಂಟ ಪ್ರಕಾಶಕರು ಮಾಡಿರುವ ಉಪಕಾರ ಅಷ್ಟಿಷ್ಟಲ್ಲ.) ಸಾವಿರ ಪ್ರತಿಗಳನ್ನು ಕೊಳ್ಳುವಷ್ಟು ವೃತ್ತಿಗಾಯಕರು ಅಂದಿನ ಇಂಗ್ಲೆಂಡಿನಲ್ಲಿ ಇದ್ದರೆಂದು ನಂಬುವುದು ಕಷ್ಟ. ಕೊಂಡವರು ಉಳ್ಳ ಮನೆತನದ ಗೃಹಸ್ಥರು, ಅವರ ಮಡದಿ ಮಕ್ಕಳು, ನೆಂಟರಿಷ್ಟರು. ಊಟವಾದ ಮೇಲೆ ಮೇಜಿನ ಸುತ್ತ ಹಾಡಿಕೊಂಡವರೂ ಅವರೇ.

ಹೀಗಿರುವಲ್ಲಿ, ಸ್ಟಿಂಗ್‌ನ ಕಂಠ ಸಂಸ್ಕಾರ ಪಡೆದದ್ದಲ್ಲವೆಂಬ ಆಕ್ಷೇಪ ಯಾವ ಮಾನದಂಡದಿಂದ ಹುಟ್ಟಿತು? ನಮಗೆ ತೋರುವಂತೆ ಅದು ಡೌಲೆಂಡನ ಕಾಲದ ಮಾನದಂಡವಲ್ಲ, ಇಪ್ಪತ್ತನೆಯ ಶತಮಾನದ್ದು. ಲ್ಯೂಟ್ ಗೀತೆಗಳು ಬಹುಕಾಲ ಮರೆಯಾಗಿದ್ದು, ಆರ್ನಲ್ಡ್ ಡಾಲ್ಮೆಚ್ ಎಂಬುವನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಳೆಯ ವಾದ್ಯಗಳನ್ನು ಮತ್ತೆ ನಿರ್ಮಿಸತೊಡಗಿದ ಮೇಲೆ ಪುನಃ ಕಿವಿಗೆ ಬಿದ್ದವು. ಫೆಲೋಸ್ ಎಂಬ ಪಾದ್ರಿ ಅವುಗಳನ್ನು ಸಂಪಾದಿಸಿ ಪ್ರಕಟಿಸಿದನು. ಅನಂತರ ಆಲ್ಫ್ರೆಡ್ ಡೆಲ್ಲರ್ ತನ್ನ ಅಸಾಧಾರಣ ಉಚ್ಚಸ್ಥಾಯಿಯ ಪುರುಷಕಂಠದಿಂದಲೂ, ಪೀಟರ್ ಪಿಯರ್ಸ್ ಜೂಲಿಯನ್ ಬ್ರೀಮನ ಲ್ಯೂಟಿನೊಡನೆಯೂ, ೧೯೬೯ರಲ್ಲಿ ಸ್ಥಾಪಿತವಾದ ಆಂಟನಿ ರೂಲಿಯ ತಂಡದಲ್ಲಿ ಎಮ್ಮಾ ಕರ್ಕ್‌ಬಿ ನಿಷ್ಕಂಪವಾದ ತಿಳಿಧ್ವನಿಯಿಂದಲೂ ಹಾಡಿ ಒಂದು ಸಂಪ್ರದಾಯವನ್ನು ಕಟ್ಟಿದರು. ಅವರ ಸಾಧನೆ ಪೂಜ್ಯವಾದದ್ದು. ಆದರೆ ಈ ಮೂರು ಕಂಠಗಳು ಒಂದನ್ನೊಂದು ಹೋಲುವುದಿಲ್ಲ. ಇವುಗಳಲ್ಲಿ ಒಂದೇ ಡೌಲೆಂಡನಿಗೆ ವಿಹಿತವೆಂದು ಅವನ ಪುಸ್ತಕಗಳು ಎಲ್ಲಿಯೂ ಹೇಳುವುದಿಲ್ಲ. ಮೂರೂ ಸಭಾಂಗಣದ ಕಂಠಗಳೇ. ದೂರದ ಶ್ರೋತೃವಿಗೆ ಕೇಳಿಸಲೆಂದು ಪಳಗಿದವು.

ಇಲ್ಲಿ ಧ್ವನಿವರ್ಧಕದ ಪ್ರಸ್ತಾಪ ಅನಿವಾರ್ಯ. ಮೈಕ್ರೊಫೋನು ಬಂದ ಮೇಲೆ ಗಾಯಕನು ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಲಕ್ಷ ಜನಕ್ಕೆ ಕೇಳಿಸುವುದು ಸಾಧ್ಯವಾಯಿತು. ಜನಪ್ರಿಯ ಸಂಗೀತ ಈ ಸೌಲಭ್ಯದ ಮೇಲೆಯೇ ತನ್ನ ಗಾನಶೈಲಿಯನ್ನು ರೂಪಿಸಿಕೊಂಡಿತು. ಸ್ಟಿಂಗ್ ಈ ಶೈಲಿಯಲ್ಲಿ ನುರಿತವನು. ಆದಕಾರಣ ಅವನ ಮುದ್ರಿಕೆಯಲ್ಲಿ ಕಂಠ ಲ್ಯೂಟನ್ನು ಮುಳುಗಿಸುವುದಿಲ್ಲ. ಉಸಿರು, ಬಿರುಸು, ಮಾತಿನ ಒರಟು ಅಂಚು ಎಲ್ಲವೂ ಒಂದು ಸಣ್ಣ ಕೋಣೆಯಲ್ಲಿ ಕೇಳಿದಂತೆ ಕೇಳುತ್ತವೆ. ಅತಿ ನವೀನವಾದ ಯಂತ್ರ ಅತಿ ಹಳೆಯ ಕೋಣೆಯ ಅಳತೆಯನ್ನು ಹಿಂದಕ್ಕೆ ತಂದುಕೊಟ್ಟಿತೆಂಬುದು ಸೋಜಿಗದ ಸಂಗತಿ.

ಹಾಗೆಂದು ಡೌಲೆಂಡನು ಯಾರು ಹೇಗೆ ಹಾಡಿದರೂ ಮೆಚ್ಚುತ್ತಿದ್ದನೆಂದು ತಿಳಿಯಲಾಗದು. ೧೬೧೨ರ ತನ್ನ ಕೊನೆಯ ಗೀತಪುಸ್ತಕದ ಮುನ್ನುಡಿಯಲ್ಲಿ ಅವನು ಸಂಗೀತದ ಮೊದಲ ಪಾಠಗಳನ್ನೂ ಅರಿಯದೆ ಕುರುಡಾಗಿ ಅಲಂಕಾರಗಳನ್ನು ಸುರಿಯುವ ಗಾಯಕರ ಮೇಲೆ ಕಟುವಾಗಿ ಹರಿಹಾಯುತ್ತಾನೆ. ಸ್ಟಿಂಗ್‌ನಲ್ಲಿ ಅಲಂಕಾರದ ಅತಿರೇಕವಿಲ್ಲ. ಕೆಲವೆಡೆ, ವಿಶೇಷವಾಗಿ ದೀರ್ಘವಾದ ಸಾಲುಗಳಲ್ಲಿ, ಉಸಿರಿನ ಹಿಡಿತ ಸಾಲದೆ ಸ್ವರ ಬಾಗುತ್ತದೆ. ಇದನ್ನು ಮುಚ್ಚಿಡುವುದು ತರವಲ್ಲ. ಲಘು ಗೀತೆಗಳಲ್ಲಿ ಅವನು ಸಲೀಸಾಗಿದ್ದಾನೆ, ಗಂಭೀರ ಗೀತೆಗಳಲ್ಲಿ ತಡವರಿಸುತ್ತಾನೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ನಿಜವಾದ ಆಕ್ಷೇಪ ಬೇರೆ ಕಡೆಗಿದೆ. ಮುದ್ರಿಕೆಯ ಕೆಲವು ಗೀತೆಗಳಲ್ಲಿ ಹಲವು ಧ್ವನಿಗಳು ಕೇಳಿಬರುತ್ತವೆ; ಅವೆಲ್ಲವೂ ಸ್ಟಿಂಗ್‌ನವೇ, ಒಂದರ ಮೇಲೊಂದಾಗಿ ಮುದ್ರಿಸಿದವು. ನಾಲ್ವರನ್ನು ಒಂದು ಮೇಜಿಗೆ ಕೂಡಿಸಲೆಂದು ಅಚ್ಚಾದ ಪುಟದ ಸುತ್ತ ಒಬ್ಬನೇ ನಾಲ್ಕು ಬಾರಿ ಕುಳಿತಂತಾಯಿತು. ಕೂಟದ ಸಂಗೀತ ಏಕಾಂತದ ಸಂಗೀತವಾಯಿತು. ಇದು ಯಂತ್ರದ ಚಮತ್ಕಾರವಷ್ಟೇ ಆಗಿದ್ದರೆ ಬಿಡಬಹುದಾಗಿತ್ತು. ಆದರೆ ಇಡೀ ಮುದ್ರಿಕೆಯ ಕಲ್ಪನೆಯೇ ಈ ಏಕಾಂತದ ಕಡೆಗೆ ವಾಲಿದೆ. ಗೀತೆಗಳ ನಡುನಡುವೆ ಸ್ಟಿಂಗ್, ಡೌಲೆಂಡನು ೧೫೯೫ರ ನವೆಂಬರ್ ೧೦ರಂದು ನ್ಯೂರೆಂಬರ್ಗಿನಿಂದ ಸರ್ ರಾಬರ್ಟ್ ಸೆಸಿಲನಿಗೆ ಬರೆದ ಪತ್ರದ ಭಾಗಗಳನ್ನು ಓದುತ್ತಾನೆ. ಕೇಳುವವನಿಗೆ ಪತ್ರದ ನೋವೇ ಗೀತೆಯ ನೋವಾಗಿ ತೋರುತ್ತದೆ.

ಈ ಪತ್ರ ಎಂಥದು? ಡೌಲೆಂಡನು ಯೌವನದಲ್ಲಿ ಪ್ಯಾರಿಸ್ಸಿನಲ್ಲಿ ರಾಯಭಾರಿಯ ಪರಿವಾರದಲ್ಲಿದ್ದಾಗ ಕ್ಯಾಥೊಲಿಕ್ ಮತವನ್ನು ಹಿಡಿದಿದ್ದನು. ೧೫೯೪ರಲ್ಲಿ ರಾಣಿಯ ಆಸ್ಥಾನದಲ್ಲಿ ಲ್ಯೂಟ್ ವಾದಕನ ಸ್ಥಾನ ತೆರವಾದಾಗ ಅದು ಅವನಿಗೆ ದೊರೆಯಲಿಲ್ಲ. ಮತವೇ ಅದಕ್ಕೆ ಕಾರಣವೆಂದು ಅವನು ಹೇಳಿಕೊಂಡನು. ಆದರೆ ಕ್ಯಾಥೊಲಿಕನಾಗಿದ್ದ ವಿಲಿಯಂ ಬರ್ಡ್ ಅದೇ ಆಸ್ಥಾನದಲ್ಲಿ ಮಾನ್ಯನಾಗಿದ್ದನೆಂಬುದನ್ನು ಮರೆಯಲಾಗದು. ಬಳಿಕ ಜರ್ಮನಿಯ ಎರಡು ಆಸ್ಥಾನಗಳನ್ನು ಕಂಡು, ಮರೆಂಜಿಯೊ ಎಂಬ ಸಂಗೀತಗಾರನಲ್ಲಿ ಕಲಿಯುವ ಆಸೆಯಿಂದ ರೋಮಿನ ಕಡೆ ಹೊರಟವನು ಫ್ಲಾರೆನ್ಸಿನಲ್ಲಿ ರಾಣಿಯ ವಿರುದ್ಧ ಸಂಚು ಹೂಡುತ್ತಿದ್ದ ದೇಶಭ್ರಷ್ಟರ ಸಹವಾಸಕ್ಕೆ ಸಿಕ್ಕಿಬಿದ್ದು, ಬೆದರಿ ಹಿಂದಿರುಗಿದನು. ಸೆಸಿಲ್ ರಾಜ್ಯದ ಪ್ರಬಲ ಮಂತ್ರಿ. ಅವನಿಗೆ ಬರೆದ ಪತ್ರ ತಾನು ರಾಜದ್ರೋಹಿಯಲ್ಲವೆಂದು ಸಾಧಿಸುವ, ಕಂಡವರ ಹೆಸರು ಹೇಳುವ, ಹೆಂಡತಿ ಮಕ್ಕಳನ್ನು ನೆನೆದು ಕೃಪೆ ಬೇಡುವ ಪತ್ರ. ಅದರ ಒಂದೊಂದು ಮಾತೂ ಓದುಗನಾದ ಮಂತ್ರಿಯನ್ನು ಗುರಿಯಾಗಿಟ್ಟುಕೊಂಡಿದೆ. ಅಂಥ ದಾಖಲೆಯನ್ನು ಅಂತರಂಗದ ನಿವೇದನೆಯೆಂದು ಓದುವುದು ಎಚ್ಚರದ ಓದಲ್ಲ.

ಗೀತೆಗಳ ವಿಷಯವೂ ಹಾಗೆಯೇ. ಅವುಗಳಲ್ಲಿ ಹೆಚ್ಚಿನವುಗಳ ಪದಗಳನ್ನು ಬರೆದವರು ಯಾರೆಂಬುದೇ ಪುಸ್ತಕಗಳಲ್ಲಿ ಇಲ್ಲ. ವಿಷಾದವೆಂಬುದು ಆ ಕಾಲದ ಸುಸಂಸ್ಕೃತರ ಒಂದು ಮೆಚ್ಚಿನ ಭಂಗಿಯಾಗಿತ್ತು. ಡೌಲೆಂಡನೂ ತನ್ನ ಹೆಸರಿಗೆ ಲ್ಯಾಟಿನ್ ಶ್ಲೇಷೆ ಕಟ್ಟಿ, ತಾನು ಸದಾ ದುಃಖಿಯೆಂಬ ಅರ್ಥ ಬರುವಂತೆ ಒಂದು ರಚನೆಗೆ ಶೀರ್ಷಿಕೆಯಿಟ್ಟನು. ದುಃಖದಲ್ಲಿಯೂ ಶ್ಲೇಷೆಗೆ ಬಿಡುವಿದ್ದವನು! ತನ್ನ ಬಾಳನ್ನೇ ತಾನು ಬರೆದು ತಾನೇ ಹಾಡುವುದು ೧೯೭೦ರ ದಶಕದ ಜನಪ್ರಿಯ ಸಂಗೀತದ ಆದರ್ಶ. ಸ್ಟಿಂಗ್ ಬೆಳೆದು ಬಂದದ್ದು ಆ ಆದರ್ಶದಲ್ಲಿ. ಅದನ್ನು ಅವನು ನಾಲ್ಕುನೂರು ವರ್ಷ ಹಿಂದಕ್ಕೆ ಒಯ್ದಿದ್ದಾನೆ. ಕಂಠದಲ್ಲಿ ಇತಿಹಾಸಕ್ಕೆ ಸಮೀಪವಾದವನು ಅರ್ಥದಲ್ಲಿ ಅದರಿಂದ ದೂರವಾದನು.

ಪತ್ರದ ಕಾಲಕ್ಕೂ ಗೀತೆಗಳ ಕಾಲಕ್ಕೂ ಇರುವ ಅಂತರವನ್ನೂ ಗಮನಿಸಬೇಕು. ಮುದ್ರಿಕೆಯನ್ನು ಮುಗಿಸುವ, ಕತ್ತಲೆಯಲ್ಲಿ ಬಾಳಬಯಸುವವನ ಗೀತೆ ಅಚ್ಚಾದದ್ದು ೧೬೧೦ರಲ್ಲಿ. ಆ ಹೊತ್ತಿಗೆ ಪತ್ರಕ್ಕೆ ಹದಿನೈದು ವರ್ಷ ತುಂಬಿತ್ತು. ನಡುವೆ ಡೌಲೆಂಡನು ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಆಸ್ಥಾನದಲ್ಲಿ ೧೫೯೮ರಿಂದ ೧೬೦೬ರವರೆಗೆ ದೊಡ್ಡ ಸಂಬಳದ ಮೇಲಿದ್ದನು. ೧೬೧೨ರಲ್ಲಿ, ಬಹುಕಾಲ ಹಂಬಲಿಸಿದ ಇಂಗ್ಲೆಂಡಿನ ಆಸ್ಥಾನದ ಹುದ್ದೆಯೂ ದೊರೆಯಿತು. ಅದಾದ ಮೇಲೆ ಬದುಕಿದ್ದ ಹದಿನಾಲ್ಕು ವರ್ಷಗಳಲ್ಲಿ ಅವನಿಂದ ಬಂದ ಹೊಸ ರಚನೆಗಳು ಬಹು ಕಡಮೆ.