ಕಿರುಗಣಕದಲ್ಲಿ ಕಡತವ್ಯವಸ್ಥೆ

ಫೈಲಿಗೆ ನಾವಿಂದು ಬಳಸುವ ‘ಕಡತ’ ಶಬ್ದವು ಹಿಂದೆ ಹುಣಿಸೆಬೀಜದ ಸರಿ ಬಳಿದು ಇದ್ದಿಲಿನಿಂದ ಕಪ್ಪಾಗಿಸಿದ ಬಟ್ಟೆಯ ಲೆಕ್ಕದ ಪುಸ್ತಕವನ್ನು ಸೂಚಿಸುತ್ತಿತ್ತು. ಬಳಪದಲ್ಲಿ ಬರೆದ ಸಾಲನ್ನು ಒರಸಿ ಅಲ್ಲಿಯೇ ಬೇರೆ ಬರೆಯಬಹುದಾಗಿತ್ತು. ಯಂತ್ರೋಪಕರಣಗಳೊಳಗೆ ಅಡಗಿರುವ ಮೈಕ್ರೋಕಂಟ್ರೋಲರ್ ಎಂಬ ಕಿರುಗಣಕದ ಫ್ಲಾಷ್ ಸ್ಮೃತಿಯಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಒಂದಕ್ಷರವನ್ನು ತಿದ್ದುವುದಕ್ಕೂ ಸಾಮಾನ್ಯವಾಗಿ ೪,೦೯೬ ಬೈಟುಗಳ ಖಂಡವೊಂದನ್ನು ಪೂರ್ತಿ ಅಳಿಸಬೇಕು. ಖಂಡವು ಇದನ್ನು ಸುಮಾರು ಒಂದು ಲಕ್ಷ ಸಲ ಮಾತ್ರ ತಾಳುತ್ತದೆ. ಇಂತಹ ಸ್ಮೃತಿಯಲ್ಲಿ ಕಡತಗಳನ್ನಿರಿಸುವ ಸಣ್ಣ ಲೈಬ್ರರಿಗಳು, ಅಂದರೆ ಕ್ರಮವಿಧಿಗಳ ಸಂಗ್ರಹಗಳು, ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಂಡವೆಂಬುದು ವಿಚಾರಾರ್ಹವಾಗಿದೆ.

೧೯೭೭ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಲಾಪಿ ತಟ್ಟೆಗೆಂದು ರೂಪಿಸಿದ ‘ಫ್ಯಾಟ್’ ಪದ್ಧತಿಯು ೧೯೮೧ರ ಎಂಎಸ್-ಡಾಸ್ ಮೂಲಕ ಎಲ್ಲೆಡೆ ಹಬ್ಬಿತು. ಅದನ್ನು ಕಿರುಗಣಕಕ್ಕೆ ಇಳಿಸಿದ ಫ್ಯಾಟ್‌ಎಫ್‌ಎಸ್, ೨೦೦೬ರಲ್ಲಿ ಜಪಾನಿನಿಂದ ‘ಚಾನ್’ ಎಂಬ ಅಂಕಿತದಲ್ಲಿ ಹೊರಬಂದಿತು. ಎರಡು ಕಡತಗಳನ್ನು ತೆರೆದರೆ ತಲಾ ೫೧೨ ಬೈಟು, ವ್ಯವಸ್ಥೆಗೆ ಇನ್ನೊಂದು ೫೧೨, ಒಟ್ಟು ೧,೫೩೬ ಬೈಟು ವ್ಯಯವಾಗುತ್ತದೆ. ಎಟ್‌ಮೆಗಾ ೩೨೮ ಚಿಪ್ಪಿನ ಕಾರ್ಯಸ್ಮೃತಿಯಾದರೋ ೨,೦೪೮ ಬೈಟು. ಆದಕಾರಣ ಎಲ್ಲ ಕಡತಗಳೂ ಒಂದೇ ೫೧೨ ಬೈಟುಗಳನ್ನು ಹಂಚಿಕೊಳ್ಳುವ ಕಿರಿಯ ವಿನ್ಯಾಸವನ್ನೂ ಒದಗಿಸಲಾಯಿತು. ವೇಗವು ಕುಂದಿತು, ಸ್ಥಳವು ಉಳಿಯಿತು.

ಇದಕ್ಕಿಂತ ಗಂಭೀರವಾದುದು ವಿದ್ಯುತ್ತು ನಿಲ್ಲುವ ಗಳಿಗೆ. ಫ್ಯಾಟ್ ಪದ್ಧತಿಯಲ್ಲಿ ಕಡತದ ಹೆಸರು ಮತ್ತು ಉದ್ದ ಯಾದಿಯಲ್ಲಿ, ಖಂಡಗಳ ಸರಣಿ ಕೋಷ್ಟಕದಲ್ಲಿ, ಬರಹ ಮತ್ತೊಂದೆಡೆ ಇರುತ್ತವೆ. ಉದ್ದವು ಯಾದಿಗೆ ಸೇರುವುದು ಕಡತವನ್ನು ಮುಚ್ಚಿದಾಗ, ಇಲ್ಲವೆ ಪ್ರತ್ಯೇಕವಾಗಿ ಆಜ್ಞಾಪಿಸಿದಾಗ. ಅದಕ್ಕೆ ಮುನ್ನ ವಿದ್ಯುತ್ತು ಹೋದರೆ ದಿನವಿಡೀ ದಾಖಲಿಸಿದ ಅಳತೆಗಳು ಸ್ಮೃತಿಯಲ್ಲಿದ್ದೂ ಯಾದಿಯ ಪಾಲಿಗೆ ಇಲ್ಲವಾಗುತ್ತವೆ. ಭಂಡಾರದಲ್ಲಿದ್ದರೂ ಸೂಚಿಯಲ್ಲಿಲ್ಲದ ಓಲೆಯ ಗತಿ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಪ್ರತಿ ಅಳತೆಗೂ ಯಾದಿಯನ್ನು ತಿದ್ದೋಣವೆಂದರೆ ಸವೆತದ ಭಯ. ಸವೆತವನ್ನು ಹಂಚುವ ನಿಯಂತ್ರಕವು ಎಸ್‌ಡಿ ಕಾರ್ಡಿನೊಳಗೇ ಇರುತ್ತದೆ. ಅದಿಲ್ಲದ ಬರಿಯ ಫ್ಲಾಷ್ ಚಿಪ್ಪಿನಲ್ಲಿ ೧೦ ಸೆಕೆಂಡಿಗೊಮ್ಮೆ ಒಂದೇ ಖಂಡವನ್ನು ಅಳಿಸಿದರೆ ಲಕ್ಷದ ಮಿತಿಯು ೧೨ ದಿನಗಳೊಳಗೆ ತೀರುತ್ತದೆ.

೨೦೧೭ರಲ್ಲಿ ಆರ್ಮ್ ಸಂಸ್ಥೆ ಪ್ರಕಟಿಸಿದ ಲಿಟ್ಲ್‌ಎಫ್‌ಎಸ್ ಈ ತೊಡಕನ್ನು ಬುಡದಲ್ಲಿಯೇ ಹಿಡಿಯಿತು. ಯಾದಿಯನ್ನು ಜೋಡಿ ಖಂಡಗಳಲ್ಲಿಟ್ಟು, ಹೊಸ ನಮೂದು ತಾಳೆಸಂಖ್ಯೆಯೊಡನೆ ಪೂರ್ಣವಾಗುವವರೆಗೆ ಹಳೆಯದನ್ನು ಅದು ಕೈಬಿಡುವುದಿಲ್ಲ. ಇದಕ್ಕೆ ತೆತ್ತ ಬೆಲೆಯೂ ಉಂಟು: ಕಡತದ ನಡುವೆ ತಿದ್ದಿದರೆ ಅಲ್ಲಿಂದ ಕೊನೆಯವರೆಗೂ ಮರಳಿ ಬರೆಯಬೇಕು; ತೆರವಾದ ಖಂಡವನ್ನು ಅರಸಲು ಸ್ಮೃತಿಯನ್ನೆಲ್ಲ ಶೋಧಿಸಬೇಕು.

ನಿರ್ಜನ ಸ್ಥಳದ ಉಪಕರಣಕ್ಕೆ ಎರಡನೆಯದೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಆದರೆ ದಾಖಲೆಯನ್ನು ಮುಂದೆ ಓದುವವರ ಪ್ರಶ್ನೆ ಉಳಿಯುತ್ತದೆ. ಫ್ಯಾಟ್ ಕಾರ್ಡನ್ನು ಸಾಮಾನ್ಯ ಗಣಕಗಳೆಲ್ಲ ಓದುತ್ತವೆ. ಲಿಟ್ಲ್‌ಎಫ್‌ಎಸ್‌ಗೆ ಪ್ರತ್ಯೇಕ ಸಾಧನ ಬೇಕು. ಅದರ ೨೦೧೯ರ ಎರಡನೆಯ ಆವೃತ್ತಿಯಲ್ಲಿ ಬರಹದ ವಿನ್ಯಾಸವೇ ಬದಲಾಗಿ, ಎರಡೇ ವರ್ಷ ಹಳೆಯ ಕಡತಗಳಿಗಾಗಿ ಪರಿವರ್ತನೆಯ ಕ್ರಮವನ್ನು ಜೊತೆಗಿಡಬೇಕಾಯಿತು.