ನ್ಯೂಯಾರ್ಕಿನಲ್ಲಿ ಹೋಟೆಲ್ ಆರಿಸುವುದು ಹೇಗೆ? ಬಿಲ್, ಬಡಾವಣೆ ಮತ್ತು ಹಾಸಿಗೆ ಹಾಸುವ ಕೈಗಳು

ನಮ್ಮ ಕಡೆ ಹೋಟೆಲ್ ಅಂದ್ರೆ ಇಡ್ಲಿ-ವಡೆ. ಉಳಿಯೋ ಜಾಗಕ್ಕೆ ಲಾಡ್ಜ್ ಅಂತೀವಿ. 2023ರ ಮೇ ತಿಂಗಳಲ್ಲಿ ತಂಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆಯುವಾಗ, ಅಪ್ಪ-ಅಮ್ಮನನ್ನು ಕರ್ಕೊಂಡು ನ್ಯೂಯಾರ್ಕಿಗೆ ಹೊರಟ ನನಗೆ ಎರಡೂ ಸರಿಯಾಗಿ ಗೊತ್ತಿರಲಿಲ್ಲ. ರಾತ್ರಿಗೆ 250 ಡಾಲರ್ ಅಂತ ಕಂಡ ಒಂದು ಹೋಟೆಲನ್ನು ಟೈಮ್ಸ್ ಸ್ಕ್ವೇರ್ ಹತ್ತಿರ ಬುಕ್ ಮಾಡಿದೆ. ಐದು ರಾತ್ರಿಗೆ 1,250 ಡಾಲರ್ ಅಂತ ಲೆಕ್ಕ ಹಾಕಿಕೊಂಡಿದ್ದೆ. ಕೈಗೆ ಬಂದ ಬಿಲ್ 1,650 ದಾಟಿತ್ತು. ಕಿಟಕಿ ತೆರೆದರೆ ಎದುರಿಗೆ ಗೋಡೆ. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ಐದು ದಿನ ಹೊರಗೆ ಊಟ ಮಾಡುವಾಗೆಲ್ಲ ಮೆನುವಿನ ಬಲಗಡೆಯನ್ನಷ್ಟೇ ಓದುತ್ತಿದ್ದರು.

2025ರ ಅಕ್ಟೋಬರ್‌ನಲ್ಲಿ ಮತ್ತೆ ಹೋದೆ. ಅಷ್ಟರಲ್ಲಿ ನಾನೂ ಸ್ವಲ್ಪ ಕಲಿತಿದ್ದೆ, ಆ ಊರಿನ ಕಾನೂನೂ ಬದಲಾಗಿತ್ತು. ಓದೋಕೆ, ಸಮ್ಮೇಳನಕ್ಕೆ, ಮಕ್ಕಳನ್ನು ನೋಡೋಕೆ ಅಂತ ನಮ್ಮವರು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಮಧ್ಯಮ ದರ್ಜೆಯಿಂದ ಸ್ವಲ್ಪ ಮೇಲ್ದರ್ಜೆಯವರೆಗಿನ ಹೋಟೆಲ್ ಹುಡುಕುವವರಿಗೆ ನಾನು ಕಲಿತದ್ದು ಇಲ್ಲಿದೆ.

ಮೊದಲು ವೀಸಾ, ಆಮೇಲೆ ಮುಂಗಡ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇದು ಮೊದಲ ಪಾಠ. ಹೋಟೆಲ್ ವೆಬ್‌ಸೈಟ್‌ಗಳಲ್ಲಿ ಒಂದೇ ರೂಮಿಗೆ ಎರಡು ದರ ಇರುತ್ತವೆ. ಈಗಲೇ ಪೂರ್ತಿ ದುಡ್ಡು ಕಟ್ಟಿದರೆ ಅಗ್ಗ, ಆದರೆ ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಇಲ್ಲ. ಇನ್ನೊಂದು ಸ್ವಲ್ಪ ದುಬಾರಿ, ಆದರೆ ಒಂದೆರಡು ದಿನ ಮೊದಲಿನವರೆಗೆ ರದ್ದು ಮಾಡಬಹುದು. ಯುರೋಪಿನ ಪ್ರವಾಸಿ ಮೊದಲನೆಯದನ್ನು ಕಣ್ಣುಮುಚ್ಚಿ ಆರಿಸಬಹುದು. ನಾವು ಕಾನ್ಸುಲೇಟ್ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯುವವರು. ಪಾಸ್‌ಪೋರ್ಟ್ ಮೇಲೆ ವೀಸಾ ಅಂಟುವವರೆಗೂ ರದ್ದು ಮಾಡಬಹುದಾದ ದರವನ್ನೇ ಆರಿಸಿ. ಆ ಹೆಚ್ಚುವರಿ ದುಡ್ಡನ್ನು ಪಾಸ್‌ಪೋರ್ಟ್ ತೆರಿಗೆ ಅಂದುಕೊಳ್ಳಿ.

ಕಂಡ ದರ, ಕಟ್ಟುವ ದರ

ನನ್ನ ಮೊದಲ ಬಿಲ್ ಹೀಗಿತ್ತು: ರೂಮಿಗೆ 250 ಡಾಲರ್. ಅದರ ಮೇಲೆ 'ಡೆಸ್ಟಿನೇಷನ್ ಫೀ' ಅಂತ 35. ವೈಫೈ, ಜಿಮ್, ಬಾಟಲಿ ನೀರು ಇದರಲ್ಲಿ ಬರುತ್ತಂತೆ. ನಮಗೆ ಬೇಡ ಅಂದರೂ ಕಟ್ಟಲೇಬೇಕು. ಈ ಎರಡನ್ನೂ ಸೇರಿಸಿ 14.75% ತೆರಿಗೆ. ಅದಲ್ಲದೆ ರೂಮಿಗೆ ದಿನಕ್ಕೆ ಮೂರೂವರೆ ಡಾಲರ್. ಒಟ್ಟು ರಾತ್ರಿಗೆ ಸುಮಾರು 330 ಡಾಲರ್.

2025ರ ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಜಾರಿಯಲ್ಲಿದೆ. ಕಡ್ಡಾಯ ಶುಲ್ಕಗಳನ್ನೆಲ್ಲ ಮೊದಲು ತೋರಿಸುವ ದರದಲ್ಲೇ ಸೇರಿಸಬೇಕು. ಇದು ಆ ಶುಲ್ಕವನ್ನು ನಿಷೇಧಿಸಿಲ್ಲ, ಬಚ್ಚಿಡುವುದನ್ನಷ್ಟೇ ನಿಷೇಧಿಸಿದೆ. ಸರ್ಕಾರದ ತೆರಿಗೆಯನ್ನು ಈಗಲೂ ಕೊನೆಗೆ ಸೇರಿಸಬಹುದು. ಹಾಗಾಗಿ ಕಂಡ ದರಕ್ಕೆ ಏಳನೇ ಒಂದು ಭಾಗ ಸೇರಿಸಿ ನೋಡುವ ಅಭ್ಯಾಸ ಇರಲಿ. 280 ಅಂತ ಕಂಡರೆ 320 ಅಂತ ಓದಿ.

ಇನ್ನೊಂದು ಬಲೆ: ಚೆಕ್-ಇನ್ ಮಾಡುವಾಗ ಕಾರ್ಡಿನಲ್ಲಿ ಒಂದಷ್ಟು ದುಡ್ಡು ತಡೆಹಿಡಿಯುತ್ತಾರೆ. ನಾನು ಫಾರೆಕ್ಸ್ ಕಾರ್ಡ್ ಕೊಟ್ಟೆ, 250 ಡಾಲರ್ ಸಿಕ್ಕಿಹಾಕಿಕೊಂಡಿತು, ವಾಪಸ್ ಬರುವಷ್ಟರಲ್ಲಿ ನಾವು ಊರಲ್ಲಿದ್ದೆವು. ಇದಕ್ಕೆ ಕ್ರೆಡಿಟ್ ಕಾರ್ಡನ್ನೇ ಕೊಡಿ. ಎಷ್ಟು ಹಿಡಿಯುತ್ತೀರಿ ಅಂತ ಇಮೇಲ್ ಹಾಕಿ ಮೊದಲೇ ಕೇಳಿ.

ಯಾವ ಬಡಾವಣೆ?

ಮೊದಲ ಸಲ ಹೋಗುವವರೆಲ್ಲ ಟೈಮ್ಸ್ ಸ್ಕ್ವೇರ್ ಅಂತಾರೆ. ಅಲ್ಲಿ ಬೆಳಕು, ಗದ್ದಲ, ರೈಲು ಎಲ್ಲವೂ ಇದೆ, ನಿದ್ದೆ ಮಾತ್ರ ಇಲ್ಲ. ನಿಮ್ಮ ಕೆಲಸ ಎಲ್ಲಿದೆ ನೋಡಿ, ಅಲ್ಲಿಗೆ ಒಂದೇ ರೈಲಿನಲ್ಲಿ ಹೋಗುವಂಥ ಜಾಗ ಆರಿಸಿ.

ಕೊಲಂಬಿಯಾದಲ್ಲಿ ಕೆಲಸ ಇದ್ದರೆ ಅಪ್ಪರ್ ವೆಸ್ಟ್ ಸೈಡ್ ಸರಿ. 1ನೇ ನಂಬರ್ ರೈಲು ನೇರವಾಗಿ 116ನೇ ಬೀದಿಗೆ ಹೋಗುತ್ತದೆ. ಜನ ವಾಸವಿರುವ ಬಡಾವಣೆ, ದಿನಸಿ ಅಂಗಡಿ ಇವೆ, ಪಕ್ಕದಲ್ಲೇ ಸೆಂಟ್ರಲ್ ಪಾರ್ಕ್. ಹೋಟೆಲ್‌ಗಳು ಕಡಿಮೆ, ಬೇಗ ತುಂಬುತ್ತವೆ.

ವಿಶ್ವಸಂಸ್ಥೆಯ ಕೆಲಸ ಇದ್ದರೆ ಮಿಡ್‌ಟೌನ್ ಈಸ್ಟ್. ವಾಲ್ ಸ್ಟ್ರೀಟ್ ಇರುವ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನಲ್ಲಿ ವಾರದ ದಿನಗಳಲ್ಲಿ ಸೂಟು-ಬೂಟಿನವರು ತುಂಬಿರುತ್ತಾರೆ. ಶುಕ್ರವಾರದಿಂದ ಭಾನುವಾರದವರೆಗೆ ಖಾಲಿ ಹೊಡೆಯುವುದರಿಂದ ಒಳ್ಳೆ ಹೋಟೆಲ್‌ಗಳೂ ದರ ಇಳಿಸುತ್ತವೆ.

ನಾನು ಎರಡನೇ ಸಲ ಮೂರು ರಾತ್ರಿ ಉಳಿದದ್ದು ನದಿಯಾಚೆಯ ಕ್ವೀನ್ಸ್‌ನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ. ಅಲ್ಲಿನ ಕೋರ್ಟ್ ಸ್ಕ್ವೇರ್‌ನಿಂದ 7ನೇ ನಂಬರ್ ರೈಲು ಹಿಡಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಗ್ರ್ಯಾಂಡ್ ಸೆಂಟ್ರಲ್. ಕೆನಡಿ ವಿಮಾನ ನಿಲ್ದಾಣದಿಂದ ಏರ್‌ಟ್ರೇನ್‌ನಲ್ಲಿ ಜಮೈಕಾಕ್ಕೆ ಬಂದು ಇ ರೈಲು ಹತ್ತಿದರೆ ನೇರ ಇಲ್ಲಿಗೇ ಬರಬಹುದು. ಅದೇ ದಾರಿಯಲ್ಲಿ ಜಾಕ್ಸನ್ ಹೈಟ್ಸ್ ಸಿಗುತ್ತದೆ. ಅನ್ನ-ಸಾರು ಕಾಣದೆ ಸೊರಗಿದ ಅಪ್ಪ-ಅಮ್ಮಂದಿರಿಗೆ ಅಲ್ಲಿ ಜೀವ ಬರುತ್ತದೆ. 7ನೇ ರೈಲಿನ ಇನ್ನೊಂದು ಕೊನೆ ಫ್ಲಶಿಂಗ್. ಅಲ್ಲಿನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಒಂದೇ ತೊಂದರೆ, ವಾರಾಂತ್ಯಗಳಲ್ಲಿ ದುರಸ್ತಿಗೆ ಅಂತ ರೈಲು ನಿಲ್ಲಿಸುತ್ತಿರುತ್ತಾರೆ. ಮೊದಲೇ ನೋಡಿಕೊಳ್ಳಿ.

ಯಾವ ತಿಂಗಳು?

ಹೊಸ ವರ್ಷದ ಗದ್ದಲ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲಿ ದರ ಅತಿ ಕಡಿಮೆ. ಮೈ ಕೊರೆಯುವ ಚಳಿ ಇರುತ್ತೆ ಅನ್ನೋದು ಬೇರೆ ಮಾತು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನಕ್ಕೆ ಜಗತ್ತಿನ ನಾಯಕರೆಲ್ಲ ಬರುತ್ತಾರೆ. ಮಿಡ್‌ಟೌನ್ ಈಸ್ಟ್‌ನ ರಸ್ತೆಗಳು ಮುಚ್ಚುತ್ತವೆ, ದರ ಗಗನಕ್ಕೆ ಹೋಗುತ್ತದೆ. ಮೇ ತಿಂಗಳಲ್ಲಿ ಪದವಿ ಪ್ರದಾನ, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್. ಈ ಮೂರೂ ಕಾಲದಲ್ಲಿ ಹೋಗಲೇಬೇಕಾದರೆ ತಿಂಗಳುಗಳ ಮೊದಲೇ, ರದ್ದು ಮಾಡಬಹುದಾದ ದರದಲ್ಲಿ ಹಿಡಿದಿಡಿ.

ಏರ್‌ಬಿಎನ್‌ಬಿ ಯಾಕಾಗಲ್ಲ?

ತುಂಬಾ ಜನ ಕೇಳೋ ಪ್ರಶ್ನೆ. ನ್ಯೂಯಾರ್ಕ್ ನಗರದ 18ನೇ ಸ್ಥಳೀಯ ಕಾನೂನು 2023ರ ಸೆಪ್ಟೆಂಬರ್‌ನಿಂದ ಕಟ್ಟುನಿಟ್ಟಾಗಿ ಜಾರಿಯಾಗುತ್ತಿದೆ. 30 ದಿನಕ್ಕಿಂತ ಕಡಿಮೆ ಬಾಡಿಗೆ ಕೊಡಬೇಕಾದರೆ ಮನೆಯವರು ನಗರಾಡಳಿತದಲ್ಲಿ ನೋಂದಣಿ ಮಾಡಿಸಿರಬೇಕು, ಅತಿಥಿ ಇರುವಾಗ ಅದೇ ಮನೆಯಲ್ಲಿ ತಾವೂ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಇರುವಂತಿಲ್ಲ. ಬಾಡಿಗೆ ಮನೆಗಳೆಲ್ಲ ಪ್ರವಾಸಿಗರ ಪಾಲಾಗಿ ಊರಿನವರಿಗೇ ಸೂರು ಸಿಗದಂತಾಗಿದೆ ಅನ್ನೋದು ಇದರ ಹಿಂದಿನ ವಾದ. ಇದರಿಂದ ಹೋಟೆಲ್ ಉದ್ಯಮಕ್ಕೂ ಲಾಭ ಆಯ್ತು ಅನ್ನೋದೂ ನಿಜವೇ. 2021ರ ಡಿಸೆಂಬರ್‌ನಿಂದ ಹೊಸ ಹೋಟೆಲ್ ಕಟ್ಟೋದಕ್ಕೂ ನಗರದ ವಿಶೇಷ ಅನುಮತಿ ಬೇಕು. ಎರಡೂ ಸೇರಿ ಪೈಪೋಟಿ ಕಡಿಮೆ, ದರ ಜಾಸ್ತಿ. ನಾನು ಈ ಕಾನೂನಿನ ಪರವೇ. ಆದರೆ ಅದರ ಬೆಲೆಯನ್ನು ನಾವೂ ಕಟ್ಟುತ್ತಿದ್ದೇವೆ ಅನ್ನೋದು ಗೊತ್ತಿರಲಿ.

ರೂಮಿನ ಒಳಗೆ

ಮ್ಯಾನ್‌ಹ್ಯಾಟನ್ನಿನ ರೂಮುಗಳು ಚಿಕ್ಕವು. ಫೋಟೋ ನಂಬಬೇಡಿ, ಚದರಡಿ ನೋಡಿ. 200ಕ್ಕಿಂತ ಕಡಿಮೆ ಇದ್ದರೆ ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಡೋಕೆ ಜಾಗ ಇರಲ್ಲ. 'ಡಬಲ್' ಅಂದರೆ ಒಂದು ಸಾಧಾರಣ ಅಗಲದ ಮಂಚ. ಮೂವರಿದ್ದರೆ 'ಎರಡು ಡಬಲ್' ಅಥವಾ 'ಎರಡು ಕ್ವೀನ್' ಅಂತ ಸ್ಪಷ್ಟವಾಗಿ ಬರೆದಿರಬೇಕು. ನೀರು ಕಾಯಿಸುವ ಕೆಟಲ್ ಎಲ್ಲಾ ಕಡೆ ಇರಲ್ಲ. ಕೇಳಿದರೆ ಕೆಲವರು ಕೊಡುತ್ತಾರೆ. ಅಮ್ಮನಿಗೆ ಬಿಸಿನೀರಿಲ್ಲದೆ ಬೆಳಗಾಗಲ್ಲ, ಹಾಗಾಗಿ ನಾವು ಊರಿಂದಲೇ ಒಯ್ದೆವು. ಆದರೆ ಅಮೆರಿಕದ್ದು 120 ವೋಲ್ಟ್. ನಮ್ಮ ಕೆಟಲ್ ಹಾಕಿ ಅರ್ಧ ಗಂಟೆ ಕಾದರೂ ನೀರು ಕುದಿಯಲಿಲ್ಲ. 50 ಮತ್ತು ಅದಕ್ಕಿಂತ ಹೆಚ್ಚು ರೂಮಿರುವ ಹೋಟೆಲ್‌ಗಳಲ್ಲಿ 2025ರ ಜನವರಿಯಿಂದ ಸಣ್ಣ ಪ್ಲಾಸ್ಟಿಕ್ ಶಾಂಪೂ ಬಾಟಲಿಗಳನ್ನು ರಾಜ್ಯ ಸರ್ಕಾರ ನಿಷೇಧಿಸಿದೆ, ಗೋಡೆಗೆ ಸಿಕ್ಕಿಸಿದ ಡಬ್ಬಿಯಿಂದಲೇ ತೆಗೆದುಕೊಳ್ಳಬೇಕು.

ಹಾಸಿಗೆ ಹಾಸುವವರು ಯಾರು?

ಹೋಟೆಲ್‌ಗಳ ಪಟ್ಟಿ ಮಾಡುವ ವೆಬ್‌ಸೈಟ್‌ಗಳು ನಕ್ಷತ್ರ ಎಷ್ಟು ಅಂತ ಹೇಳುತ್ತವೆ, ಅಲ್ಲಿ ದುಡಿಯುವವರ ಬಗ್ಗೆ ಹೇಳಲ್ಲ. ನ್ಯೂಯಾರ್ಕ್‌ನ ಹೋಟೆಲ್ ಕಾರ್ಮಿಕ ಸಂಘಟನೆ ಬಲವಾದದ್ದು. 2011ರಲ್ಲಿ ಅಲ್ಲಿನ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದ ವಲಸೆ ಮಹಿಳೆಯೊಬ್ಬರು ಐಎಂಎಫ್‌ನ ಅಂದಿನ ಮುಖ್ಯಸ್ಥರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಕ್ರಿಮಿನಲ್ ಪ್ರಕರಣವನ್ನು ಸರ್ಕಾರಿ ವಕೀಲರು ಕೈಬಿಟ್ಟರು, ಸಿವಿಲ್ ದಾವೆ ರಾಜಿಯಲ್ಲಿ ಮುಗಿಯಿತು. ಆದರೆ 2012ರ ಕಾರ್ಮಿಕ ಒಪ್ಪಂದದಲ್ಲಿ, ಒಂಟಿಯಾಗಿ ರೂಮುಗಳಿಗೆ ಹೋಗುವ ಕೆಲಸಗಾರರಿಗೆ ಅಪಾಯದ ಗುಂಡಿ ಕೊಡಬೇಕು ಅನ್ನೋ ಷರತ್ತು ಸೇರಿತು.

2024ರ ನವೆಂಬರ್‌ನಲ್ಲಿ ಸಹಿ ಬಿದ್ದ 'ಸೇಫ್ ಹೋಟೆಲ್ಸ್' ಕಾಯ್ದೆ ಇನ್ನೂ ಮುಂದೆ ಹೋಗಿದೆ. ಹೋಟೆಲ್‌ಗಳಿಗೆ ನಗರದ ಪರವಾನಗಿ ಕಡ್ಡಾಯ. ನೂರು ಮತ್ತು ಅದಕ್ಕಿಂತ ಹೆಚ್ಚು ರೂಮಿದ್ದರೆ ಮುಖ್ಯ ಕೆಲಸಗಾರರನ್ನು ಗುತ್ತಿಗೆ ಏಜೆನ್ಸಿಯಿಂದ ತರುವಂತಿಲ್ಲ, ನೇರವಾಗಿ ನೇಮಿಸಬೇಕು. ನಮ್ಮ ಪೌರಕಾರ್ಮಿಕರು ಗುತ್ತಿಗೆ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ಬೀದಿಯಲ್ಲಿ ಕೂತದ್ದನ್ನು ನೋಡಿದವರಿಗೆ ಇದರ ತೂಕ ಗೊತ್ತಾಗುತ್ತೆ. ರೂಮನ್ನು ದಿನವೂ ಸ್ವಚ್ಛ ಮಾಡಬೇಕು, ಅತಿಥಿಯೇ ಬೇಡ ಅಂದರೆ ಮಾತ್ರ ಬಿಡಬಹುದು ಅಂತಲೂ ಅದರಲ್ಲಿದೆ.

ಈ ಕೊನೆಯ ಷರತ್ತು ಯಾಕೆ ಅಂತ ನನಗೆ ಮೊದಲು ಅರ್ಥ ಆಗಿರಲಿಲ್ಲ. ಎರಡನೇ ಸಲ ಬಾಗಿಲಿಗೆ 'ಬೇಡ' ಫಲಕ ನೇತುಹಾಕಿ, ಪರಿಸರಕ್ಕೆ ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಮೂರನೇ ದಿನ ಕಾರಿಡಾರಿನಲ್ಲಿ ಸಿಕ್ಕ ಕೆಲಸದಾಕೆ ನಗುತ್ತಲೇ ಹೇಳಿದರು: ನೀವು ಬೇಡ ಅಂದಷ್ಟೂ ನಮ್ಮ ಪಾಳಿ ಕಡಿಮೆಯಾಗುತ್ತೆ, ನೀವು ಹೋದ ಮೇಲೆ ಅದೇ ರೂಮಿಗೆ ಎರಡು ಪಟ್ಟು ಹೊತ್ತು ಬೇಕಾಗುತ್ತೆ. ಫಲಕ ತೆಗೆದೆ. ಟವೆಲ್ ಬದಲಿಸಬೇಡಿ, ಆದರೆ ರೂಮು ಮಾಡಿ ಅಂತ ಹೇಳಬಹುದು; ಎರಡೂ ಒಟ್ಟಿಗೆ ಸಾಧ್ಯ. ದಿನಕ್ಕೆ ಎರಡರಿಂದ ಐದು ಡಾಲರ್ ಟಿಪ್ಸನ್ನು ಕೊನೆಯ ದಿನಕ್ಕೆ ಕಾಯದೆ ದಿನವೂ ಇಡಿ, ದಿನವೂ ಒಬ್ಬರೇ ಬರಲ್ಲ.

ಯೂನಿಯನ್ ಇರುವ ಹೋಟೆಲ್ ಯಾವುದು, ಎಲ್ಲಿ ಮುಷ್ಕರ ಇದೆ ಅಂತ ತಿಳಿಯೋಕೆ 'ಯುನೈಟ್ ಹಿಯರ್' ಸಂಘಟನೆಯ 'ಫೇರ್ ಹೋಟೆಲ್' ಪಟ್ಟಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹಲವು ನಗರಗಳಲ್ಲಿ ದೊಡ್ಡ ದೊಡ್ಡ ಸರಣಿ ಹೋಟೆಲ್‌ಗಳ ಸುಮಾರು ಹತ್ತು ಸಾವಿರ ಕಾರ್ಮಿಕರು ಮುಷ್ಕರ ಹೂಡಿದ್ದರು. ಸಾವಿರಾರು ಮೈಲಿ ಹಾರಿ ಹೋಗಿ ಮುಷ್ಕರದ ಸಾಲನ್ನು ದಾಟಿ ಒಳಗೆ ಹೋಗುವ ಪರಿಸ್ಥಿತಿ ನಿಮಗೆ ಬರಬಾರದು ಅಂತಿದ್ದರೆ ಬುಕ್ ಮಾಡುವ ಮುಂಚೆ ಎರಡು ನಿಮಿಷ ಅಲ್ಲಿ ನೋಡಿ.

ಯಾರಿಗೆ ರೂಮು, ಯಾರಿಗೆ ಇಲ್ಲ

ಕೊಲಂಬಿಯಾದಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿ, ಹಾರ್ಲೆಮ್‌ನ 125ನೇ ಬೀದಿಯಲ್ಲಿ, ಹೋಟೆಲ್ ಥೆರೆಸಾದ ಬಿಳಿ ಕಟ್ಟಡ ಈಗಲೂ ಇದೆ. ಈಗ ಅದು ಕಚೇರಿಗಳ ಕಟ್ಟಡ. 1913ರಲ್ಲಿ ತೆರೆದ ಈ ಹೋಟೆಲ್ 1940ರವರೆಗೆ ಕಪ್ಪು ಜನರಿಗೆ ರೂಮು ಕೊಡುತ್ತಿರಲಿಲ್ಲ, ಅದೂ ಹಾರ್ಲೆಮ್‌ನಲ್ಲಿ. 1960ರಲ್ಲಿ ಮಿಡ್‌ಟೌನ್‌ನ ಹೋಟೆಲ್ ಜೊತೆ ಜಗಳವಾಗಿ ಫಿಡೆಲ್ ಕ್ಯಾಸ್ಟ್ರೊ ಇಲ್ಲಿಗೇ ಬಂದು ತಂಗಿದರು. ಮಾಲ್ಕಮ್ ಎಕ್ಸ್, ಕ್ರುಶ್ಚೇವ್, ನೆಹರೂ ಅವರನ್ನು ಇಲ್ಲಿಯೇ ಭೇಟಿಯಾದರು. ಕಪ್ಪು ಪ್ರಯಾಣಿಕರಿಗೆ ಎಲ್ಲಿ ಉಳಿಯಬಹುದು ಅಂತ ಹೇಳುವ 'ಗ್ರೀನ್ ಬುಕ್' ಅನ್ನು 1936ರಿಂದ ಹೊರತಂದ ವಿಕ್ಟರ್ ಹ್ಯೂಗೊ ಗ್ರೀನ್ ಕೂಡ ಹಾರ್ಲೆಮ್‌ನಲ್ಲಿ ವಾಸವಿದ್ದ ಅಂಚೆಯಣ್ಣ.

ಥೆರೆಸಾ ತೆರೆದ ಅದೇ 1913ರಲ್ಲಿ ಕೊಲಂಬಿಯಾಕ್ಕೆ ಬಂದವರು ಬಾಬಾಸಾಹೇಬ್ ಅಂಬೇಡ್ಕರ್. ಓದು ಮುಗಿಸಿ ಊರಿಗೆ ಮರಳಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ತಂಗಲು ಒಂದು ರೂಮು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ತಂಗುದಾಣ ಸೇರಿದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪೊಂದು ಬಂದು ಹೊರಹಾಕಿತು. ಅವರ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಈ ಕಥೆ ಇದೆ. ಕೊಲಂಬಿಯಾದ ಲೆಹ್ಮನ್ ಗ್ರಂಥಾಲಯದಲ್ಲಿ ಅವರ ಪ್ರತಿಮೆ ಇದೆ. 2024ರ ಪ್ಯಾಲೆಸ್ತೀನ್ ಪರ ಪ್ರತಿಭಟನೆಗಳ ನಂತರ ಕ್ಯಾಂಪಸ್ ಪ್ರವೇಶಕ್ಕೆ ನಿರ್ಬಂಧ ಬಂದಿದೆ, ಒಳಗಿನವರ ಮೂಲಕ ಮೊದಲೇ ವಿಚಾರಿಸಿಕೊಂಡು ಹೋಗಿ.

ಬುಕ್ ಮಾಡುವ ಮುಂಚೆ

ವೀಸಾ ಕೈಯಲ್ಲಿದೆಯಾ? ಇಲ್ಲದಿದ್ದರೆ ರದ್ದು ಮಾಡಬಹುದಾದ ದರವೇ ಇರಲಿ. ತೆರಿಗೆ ಸೇರಿ ರಾತ್ರಿಗೆ ಎಷ್ಟು? ಕಾರ್ಡಿನಲ್ಲಿ ಎಷ್ಟು ತಡೆಹಿಡಿಯುತ್ತಾರೆ? ಕೆಲಸದ ಜಾಗಕ್ಕೆ ಒಂದೇ ರೈಲಾ? ಎಷ್ಟು ಚದರಡಿ, ಎಷ್ಟು ಮಂಚ, ಕಿಟಕಿ ಯಾವ ಕಡೆ? ಮುಷ್ಕರ ಇದೆಯಾ?

ನನ್ನ ಎರಡನೇ ಬಿಲ್ ರಾತ್ರಿಗೆ 290 ಡಾಲರ್ ಆಯ್ತು. ನಾನು ಮೊದಲೇ ಲೆಕ್ಕ ಹಾಕಿದ್ದಕ್ಕಿಂತ ಒಂದು ಡಾಲರೂ ಹೆಚ್ಚಿರಲಿಲ್ಲ. ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: 'ಕಿಟಕಿಯಿಂದ ಏನು ಕಾಣುತ್ತೆ?'