ಕೈಗಾದ ಕರೆಂಟು, ಕಾರಂತರ ಚುನಾವಣೆ

ಎಂಬತ್ತರ ದಶಕದ ರಾಜಾಜಿನಗರ ಎಂದರೆ ನನಗೆ ಮೊದಲು ನೆನಪಾಗುವುದು ಕತ್ತಲೆ. ಕರೆಂಟು ಹೋಯಿತೆಂದರೆ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತುಗಳು ನಿಲ್ಲುತ್ತಿದ್ದವು, ಅಪ್ಪ ಬೇಗ ಮನೆಗೆ ಬರುತ್ತಿದ್ದರು. ನಮಗೆ ಅದೇ ಖುಷಿ. 'ಲಿಂಗನಮಕ್ಕೀಲಿ ನೀರಿಲ್ವಂತೆ' ಎನ್ನುತ್ತಾ ಅವರು ಮೇಣದಬತ್ತಿ ಹುಡುಕುತ್ತಿದ್ದರು. 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ ಶುರುವಾಗುವವರೆಗೆ ರಾಜ್ಯದ ವಿದ್ಯುತ್ತು ಹೆಚ್ಚುಕಡಿಮೆ ನೀರಿನಿಂದಲೇ ಬರುತ್ತಿತ್ತು. ಮಲೆನಾಡಿನಲ್ಲಿ ಮಳೆ ತಪ್ಪಿದರೆ ನಮ್ಮ ಬೀದಿಯ ಬಲ್ಬು ಆರುತ್ತದೆ ಎಂಬುದು ಹವಾಮಾನದ ಬಗ್ಗೆ ನಾನು ಕಲಿತ ಮೊದಲ ಪಾಠ.

ಆ ಬಲ್ಬಿಗಾಗಿ ಊರು, ಕಾಡು ಮುಳುಗಿಸಿಕೊಂಡವರು ಶರಾವತಿ, ಕಾಳಿ ದಂಡೆಯವರು ಎಂಬುದು ತಿಳಿಯಲು ಕಾಲೇಜಿಗೆ ಹೋಗಬೇಕಾಯಿತು. ಅಲ್ಲಿಯೇ ಅಪ್ಪಿಕೋ ಚಳವಳಿಯ ವಿಷಯ ಓದಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. 'ಉಳಿಸು, ಬೆಳೆಸು, ಬಳಸು' ಎಂಬುದು ಅವರ ಘೋಷಣೆ. ಮೂರನೆಯ ಮಾತು ನನಗೆ ಹೆಚ್ಚು ಇಷ್ಟ. ಸೊಪ್ಪು, ಸೌದೆ, ಜೇನು ತರುವವರ ಚಳವಳಿ ಅದು. ಕಾಡನ್ನು ಮುಟ್ಟಲೇಬೇಡಿ ಎಂದು ಅವರು ಹೇಳಲಿಲ್ಲ.

ಆರು ವರ್ಷದ ಮೇಲೆ ಅದೇ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬರುವುದಿತ್ತು. ಅದನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಕೆನರಾ ಕ್ಷೇತ್ರದಿಂದ ಶಿವರಾಮ ಕಾರಂತರು ಸ್ಪರ್ಧಿಸಿದರು. ವಯಸ್ಸು 87. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಯಾವ ಸ್ಥಾನಮಾನವೂ ಅವರಿಗೆ ಹೊಸದಾಗಿ ಬೇಕಿರಲಿಲ್ಲ. ಗೆದ್ದದ್ದು ಕಾಂಗ್ರೆಸ್ಸಿನ ದೇವರಾಯ ನಾಯ್ಕರು. 'ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಇವರಿಗೆ?' ಎಂದು ಅಪ್ಪ ಪೇಪರು ಮಡಚಿಟ್ಟರು. ನನಗೂ ಆಗ ಹಾಗೇ ಅನ್ನಿಸಿತ್ತು.

ಈಗ ಅನ್ನಿಸುವುದಿಲ್ಲ. ಲೇಖನ ಬರೆದು, ಸಭೆಯಲ್ಲಿ ಮಾತಾಡಿ ಸುಮ್ಮನಾಗಬಹುದಿತ್ತು. ಆದರೆ ಬ್ಯಾಲೆಟ್ ಪೇಪರಿನಲ್ಲಿ ಹೆಸರಿದ್ದರೆ ಹಳ್ಳಿಯವನೊಬ್ಬ ಆ ಪ್ರಶ್ನೆಗೆ ಹೌದು, ಇಲ್ಲ ಎನ್ನಲೇಬೇಕಾಗುತ್ತದೆ. ಸೋತ ಮತಗಳನ್ನೂ ಎಣಿಸುತ್ತಾರಲ್ಲ.

ಸ್ಥಾವರ ಬಂದೇ ಬಂತು. 1994ರಲ್ಲಿ, ಕಟ್ಟುತ್ತಿದ್ದಾಗಲೇ ಅದರ ಕಾಂಕ್ರೀಟ್ ಗುಮ್ಮಟದ ಒಳಭಾಗ ಕುಸಿಯಿತು. ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು; ಕೈಗಾದ ಕರೆಂಟು ತಂತಿಗೆ ಹರಿದದ್ದು ಅದಾಗಿ ಎರಡು ವರ್ಷಕ್ಕೆ. ಅಲ್ಲಿನ ಒಂದು ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಕಲ್ಲಿದ್ದಲಿಗೆ ಹೋಲಿಸಿದರೆ ಅಣುವಿದ್ಯುತ್ತಿನ ಇಂಗಾಲ ತೀರಾ ಕಡಿಮೆ. ಹಾಗಾದರೆ ಕಾರಂತರು ತಪ್ಪಿದರೇ? ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿದಾಗ ನಾನು ತಡವರಿಸುತ್ತೇನೆ. ಯಾರ ಕಾಡು, ಯಾರ ನದಿ, ಯಾರನ್ನು ಕೇಳಿ ಎಂದು ಅವರು ಎತ್ತಿದ ಪ್ರಶ್ನೆಯನ್ನು ಇಂಗಾಲದ ಲೆಕ್ಕವೊಂದೇ ತೀರಿಸಲಾರದು ಎಂದಷ್ಟೇ ಹೇಳಬಲ್ಲೆ.

ಬೆಂಗಳೂರಿಗರೂ ಒಮ್ಮೆ ಬೀದಿಗಿಳಿದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿ ರೂಪಾಯಿಯ ಉಕ್ಕಿನ ಸೇತುವೆ, ಅದಕ್ಕೆ 812 ಮರ ಬಲಿ ಎಂದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮರುವರ್ಷ ವಿಧಾನಸಭಾ ಚುನಾವಣೆ ಇತ್ತೆಂಬುದನ್ನು ಮರೆಯಬಾರದು. ನಾನೂ ಕೈ ಹಿಡಿದು ನಿಂತಿದ್ದೆ. ಅದಕ್ಕೂ ಹಿಂದಿನ ಎರಡು ಚುನಾವಣೆಗಳಲ್ಲಿ ಮತ ಹಾಕದೆ ರಜೆಗೆ ಊರಿಗೆ ಹೋಗಿದ್ದೆ ಎಂಬುದನ್ನು ಪಕ್ಕದಲ್ಲಿ ನಿಂತವರಿಗೆ ಹೇಳಲಿಲ್ಲ.

ಮನೆಯಲ್ಲಿ ಗೀಸರ್ ತೆಗೆಸಿ ಸೋಲಾರ್ ಹಾಕಿಸಿ ಬಹಳ ವರ್ಷವಾಯಿತು. ಸ್ವಂತ ಬುದ್ಧಿಯಿಂದಲ್ಲ, ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರು, ಬೀದಿಯವರೆಲ್ಲ ಹಾಕಿಸಿದರು, ನಾವೂ ಹಾಕಿಸಿದೆವು. ಜುಲೈ ಮೋಡದಲ್ಲಿ ಉಗುರುಬೆಚ್ಚಗಿನ ನೀರೇ ಗತಿ.

ಈಗ ಸುದ್ದಿಯಲ್ಲಿರುವುದು ಮತ್ತೆ ಶರಾವತಿ. ಸೌರ, ಪವನ ವಿದ್ಯುತ್ತು ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ 2,000 ಮೆಗಾವಾಟ್ ಯೋಜನೆ. ದಾರಿಯಲ್ಲಿ ಸಿಂಗಳೀಕಗಳ ಅಭಯಾರಣ್ಯ. ಆ ಕರೆಂಟು ನಮ್ಮ ಬೀದಿಗೂ ಬರುತ್ತದೆ. ಮುಂದಿನ ಸಲ ಮತ ಕೇಳಲು ಬಂದವರಿಗೆ ಏನು ಕೇಳಬೇಕೆಂದು ಚೀಟಿಯೊಂದರಲ್ಲಿ ಗೀಚಿಟ್ಟುಕೊಂಡಿದ್ದೇನೆ. ಚರಂಡಿ, ಪಾರ್ಕಿಂಗ್ ಮೊದಲೇ ಇದ್ದವು. ಅವುಗಳ ಕೆಳಗೆ ಶರಾವತಿ ಎಂದು ಸೇರಿಸಿದ್ದೇನೆ.